ಮೊಲದ ತಳಿ, ಲಿಂಗ ಮತ್ತು ವಯಸ್ಸನ್ನು ಗುರುತಿಸುವ ಕ್ರಮ

ಎತ್ತು, ಎಮ್ಮೆ, ಕುರಿಗಳನ್ನು ಕೊಳ್ಳುವ ವಿಷಯದಲ್ಲಿ ನಮ್ಮ ರೈತರಿಗೆ ಯಾರೂ ಬುದ್ಧಿ ಹೇಳಬೇಕಾದ ಅವಶ್ಯವಿಲ್ಲ. ಹೋರಿಯ ಬಾಯಿ ತೆರೆದು ಹಲ್ಲೆಣಿಸಿ, ಸುಳಿ ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ ಬೆಲೆ ಕಟ್ಟುವ ವಿದ್ಯೆಯು ಅವರಿಗೆ ಹಿರಿಯರಿಂದಲೇ ಬಂದಿರುವುದು. ಆದರೆ ಸಾಕುಮೊಲವು ಈ ಸೀಮೆಗೆ ಹೊಸ ಪ್ರಾಣಿ. ಇದರ ಬಾಯಿ ನೋಡಿದರೆ ವಯಸ್ಸು ತಿಳಿಯದು. ಮೈ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗದು. ಬಣ್ಣವೊಂದನ್ನೇ ನಂಬಿದರೆ ತಳಿಯೂ ತಪ್ಪುವುದು. ಆದಕಾರಣ ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಗಳಲ್ಲಿ ಮೊಲ ಸಾಕಬೇಕೆಂದು ಕೈಯಿಂದ ಹಣ ಹಾಕುವವರು, ಒಂದು ಜೊತೆಯೆಂದು ಎರಡು ಗಂಡುಗಳನ್ನೋ, ಎಳೆಯದೆಂದು ಮುದಿ ಹೆಣ್ಣನ್ನೋ, ಶುದ್ಧ ತಳಿಯೆಂದು ಬೆರಕೆಯನ್ನೋ ಮನೆಗೆ ತರುವ ಅಪಾಯವಿರುವುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಗುಡ್ಡದಿಂದ ಹಿಡಿದು ತಂದ ಕಾಡುಮೊಲವನ್ನು ಸಾಕುಮೊಲವೆಂದು ಕೊಂಡು ಕಾನೂನಿನ ಕೈಗೆ ಸಿಕ್ಕುವುದು. ಈ ನಷ್ಟಗಳಿಗೆ ಎಡೆಯಿಲ್ಲದಂತೆ, ಮೊಲವನ್ನು ಕೈಗೆತ್ತಿಕೊಂಡು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

೧. ಕಾಡುಮೊಲವೋ ಸಾಕುಮೊಲವೋ

ತಳಿಯನ್ನು ವಿಚಾರಿಸುವುದಕ್ಕೆ ಮೊದಲು ಈ ಪ್ರಶ್ನೆಯನ್ನು ನಿರ್ಧರಿಸತಕ್ಕದ್ದು. ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರಿರುವುದರಿಂದ, ಸಾಕುಮೊಲವು ಕಾಡುಮೊಲವನ್ನೇ ಪಳಗಿಸಿದ ಪ್ರಾಣಿಯೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಸಾಕುಮೊಲಗಳ ಮೂಲವು ಯೂರೋಪು ಖಂಡದ ಸ್ಪೇನ್ ಮೊದಲಾದ ದೇಶಗಳ ಬಿಲಮೊಲ. ದೋಣಿಮಲೈ ಗುಡ್ಡಗಳ ಕುರುಚಲಿನಲ್ಲಿಯೂ, ಹಂಪಿಯ ಬಂಡೆಗಳ ಎಡೆಯಲ್ಲಿಯೂ, ಜೋಳ ಶೇಂಗಾ ಹೊಲಗಳ ಬದುವಿನಲ್ಲಿಯೂ ಇರುವುದು ಕರಿಕತ್ತಿನ ಕಾಡುಮೊಲವೆಂಬ ಬೇರೊಂದು ಜಾತಿ. ಇವೆರಡೂ ಕೂಡಿ ಮರಿ ಹಾಕಲಾರವು. ಜೀವಕಣಗಳಲ್ಲಿರುವ ವರ್ಣತಂತುಗಳು ಸಾಕುಮೊಲದಲ್ಲಿ ೪೪, ಕಾಡುಮೊಲದಲ್ಲಿ ೪೮. ಆದುದರಿಂದ "ಕಾಡುಮೊಲದ ಬೆರಕೆ, ಬಿಸಿಲಿಗೆ ಗಟ್ಟಿ" ಎಂದು ಹೇಳಿ ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ, ಅದು ನಂಬತಕ್ಕ ಮಾತಲ್ಲ.

ಎರಡನ್ನೂ ಬೇರ್ಪಡಿಸುವ ಲಕ್ಷಣಗಳು ಹೀಗಿವೆ:

ಕಾಡುಮೊಲದ ಮೈ ಕಂದು ಬಣ್ಣದ್ದು, ಕರಿಯ ಕೂದಲು ಬೆರೆತದ್ದು, ಹೊಟ್ಟೆ ಬಿಳುಪು. ಕಿವಿಗಳ ಹಿಂದೆ ಕತ್ತಿನ ಮೇಲ್ಭಾಗದಲ್ಲಿ ಕರಿಯ ಮಚ್ಚೆಯೊಂದು ಸ್ಪಷ್ಟವಾಗಿರುವುದು. ಕಿವಿಗಳು ಮತ್ತು ಹಿಂಗಾಲುಗಳು ಮೈಗಿಂತ ಅಳತೆಗೆ ಮೀರಿ ನೀಳವಾಗಿಯೂ, ದೇಹವು ಸಣಕಲಾಗಿಯೂ ಕಾಣುವುದು. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಅಡಗಿ ಕೂರುವುದು. ಸಾಕುಮೊಲದ ಮೈ ತುಂಬಿಕೊಂಡಿರುವುದು, ಮುಖ ದುಂಡು, ಮಣ್ಣು ಸಿಕ್ಕಿದರೆ ಕೆರೆದು ಬಿಲ ತೋಡುವುದು.

ಮರಿಗಳಲ್ಲಿ ಈ ವ್ಯತ್ಯಾಸವು ಇನ್ನೂ ಸ್ಪಷ್ಟ. ಕಾಡುಮೊಲದ ಮರಿಯು ಮೈತುಂಬ ಕೂದಲಿನೊಡನೆ, ಕಣ್ಣು ತೆರೆದುಕೊಂಡೇ ಹುಟ್ಟುವುದು. ಸಾಕುಮೊಲದ ಮರಿಯು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು, ಇಲಿಯ ಮರಿಯಂತೆ ಹುಟ್ಟುವುದು. ಗೇಣುದ್ದವೂ ಇಲ್ಲದ ಮರಿಯು ಕಂದು ಕೂದಲಿನಿಂದ ಕೂಡಿ ಕಣ್ಣು ಬಿಟ್ಟುಕೊಂಡು ಹೊಲದಲ್ಲಿ ಒಂಟಿಯಾಗಿ ಸಿಕ್ಕಿದರೆ, ಅದು ತಾಯಿ ಕಳೆದುಕೊಂಡ ಮರಿಯೆಂದು ಎತ್ತಿಕೊಂಡು ಬರಕೂಡದು. ತಾಯಿಯು ಮರಿಗಳನ್ನು ಹಗಲೆಲ್ಲ ಹೀಗೆ ಬಿಟ್ಟು, ಕತ್ತಲೆಯಾದ ಮೇಲೆ ಬಂದು ಹಾಲೂಡುವುದು ಈ ಜಾತಿಯ ಸ್ವಭಾವ. ಎತ್ತಿ ತಂದ ಮರಿಯು ಸಾಮಾನ್ಯವಾಗಿ ಬದುಕುವುದಿಲ್ಲ.

ಈ ನಾಡಿಗೂ ಕಾಡುಮೊಲಕ್ಕೂ ಹಳೆಯ ನಂಟುಂಟು. ವಿಜಯನಗರವು ಹುಟ್ಟಿದ ಜಾಗದಲ್ಲಿ ಮೊಲವೊಂದು ಅರಸನ ಬೇಟೆನಾಯಿಗಳ ಮೇಲೆ ತಿರುಗಿಬಿದ್ದಿತೆಂಬ ಕಥೆಯನ್ನು, ಸುಮಾರು ೧೫೩೫ ರ ವೇಳೆಗೆ ಬರೆದ ಪೋರ್ಚುಗೀಸ್ ವರ್ತಕ ನೂನಿಜನೂ ಹೇಳಿರುವನು. ಈಗ ಆ ಮೊಲಕ್ಕೆ ಕಾನೂನಿನ ರಕ್ಷಣೆಯಿದೆ. ೧೯೭೨ ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲವನ್ನು ಬೇಟೆಯಾಡುವುದು, ಹಿಡಿಯುವುದು, ಮಾರುವುದು ಇವೆಲ್ಲವೂ ಸೆರೆವಾಸಕ್ಕೂ ಜುಲ್ಮಾನೆಗೂ ಗುರಿಮಾಡುವ ಅಪರಾಧಗಳು. ಹಬ್ಬದ ರೂಢಿಯೆಂಬ ಸಮಾಧಾನವು ನ್ಯಾಯಸ್ಥಾನದಲ್ಲಿ ನಡೆಯದು.

೨. ತಳಿಯನ್ನು ಗುರುತಿಸುವುದು

ತಳಿಯನ್ನು ನಿರ್ಧರಿಸುವಾಗ ನಾಲ್ಕು ಸಂಗತಿಗಳನ್ನು ಒಟ್ಟಿಗೆ ನೋಡತಕ್ಕದ್ದು: ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಕೂದಲಿನ ಉದ್ದ, ಬೆಳೆದ ಮೊಲದ ತೂಕ. ಇವುಗಳಲ್ಲಿ ಒಂದನ್ನೇ ನೋಡಿ ತೀರ್ಮಾನಿಸಕೂಡದು.

ನ್ಯೂಜಿಲೆಂಡ್ ಬಿಳಿ: ಮೈಯೆಲ್ಲ ಅಚ್ಚ ಬಿಳುಪು, ಕಣ್ಣು ಕೆಂಪು. ಬೆಳೆದಾಗ ತೂಕ ೪ ರಿಂದ ೫ ಕಿಲೋಗ್ರಾಂ. ಹೆಸರು ನ್ಯೂಜಿಲೆಂಡಿನದಾದರೂ ಈ ತಳಿಯು ರೂಪುಗೊಂಡದ್ದು ಅಮೆರಿಕದಲ್ಲಿ. ಮಾಂಸಕ್ಕಾಗಿ ಸಾಕುವವರಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಇದೇ.

ಕ್ಯಾಲಿಫೋರ್ನಿಯನ್: ಮೈ ಬಿಳುಪು, ಕಣ್ಣು ಕೆಂಪು; ಆದರೆ ಮೂಗು, ಕಿವಿ, ಕಾಲು, ಬಾಲಗಳು ಮಾತ್ರ ಕಪ್ಪು. ಈ ಕಪ್ಪು ಹುಟ್ಟುವಾಗಲೇ ಇರದೆ, ಮರಿ ಬೆಳೆದಂತೆಲ್ಲ ಮೂಡುವುದು. ಮೈಯ ತಣ್ಣನೆಯ ಭಾಗಗಳಲ್ಲಿ ಮಾತ್ರ ಈ ಬಣ್ಣ ಏರುವುದಾದ್ದರಿಂದ, ಬೇಸಗೆಯಲ್ಲಿ ಅದು ಮಾಸಿದಂತೆ ಕಂಡರೆ ಬೆರಕೆಯೆಂದು ತಳ್ಳಿಹಾಕಬೇಕಾಗಿಲ್ಲ.

ಸೋವಿಯತ್ ಚಿಂಚಿಲಾ: ಬೂದು ಬಣ್ಣ, ಕಣ್ಣು ಕಪ್ಪು ಅಥವಾ ಕಂದು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದುಂಟು. ಮೊಲದ ಬೆನ್ನಿನ ಮೇಲೆ ಬಾಯಿಂದ ಊದಿದರೆ ಕೂದಲು ಹೂವಿನಂತೆ ಬಿಚ್ಚಿಕೊಳ್ಳುವುದು. ಆಗ ಬುಡದಲ್ಲಿ ಸೀಸದ ಬಣ್ಣ, ಅದರ ಮೇಲೆ ಮುತ್ತಿನಂಥ ಬಿಳುಪು, ತುದಿಯಲ್ಲಿ ಕಪ್ಪು, ಹೀಗೆ ಸುತ್ತುಸುತ್ತಾಗಿ ಪಟ್ಟಿಗಳು ಕಂಡರೆ ಅದು ಚಿಂಚಿಲಾ ಜಾತಿಯ ಕೂದಲು. ಪಟ್ಟಿಗಳಲ್ಲಿ ಬಿಳುಪಿನ ಬದಲು ಕಂದು ಕಂಡರೆ ಅದು ಬೇರೆ ತಳಿ ಅಥವಾ ಬೆರಕೆ.

ಬಿಳಿ ದೈತ್ಯ: ಇದೂ ಬಿಳುಪು, ಕೆಂಪು ಕಣ್ಣಿನದು. ನ್ಯೂಜಿಲೆಂಡ್ ಬಿಳಿಯನ್ನು ಹೋಲುವುದರಿಂದ ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ. ಮಾರುವವರ ದಾಖಲೆಯನ್ನೇ ಕೇಳಬೇಕು. ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದಲ್ಲಿ ಬಿಳಿ ದೈತ್ಯ ಮತ್ತು ಸೋವಿಯತ್ ಚಿಂಚಿಲಾ ತಳಿಗಳನ್ನು ಸಾಕಿ ಅಭಿವೃದ್ಧಿಪಡಿಸಲಾಗಿದೆ.

ಡಚ್: ಸಣ್ಣ ತಳಿ, ಬೆಳೆದಾಗ ಸುಮಾರು ೨ ರಿಂದ ೨.೫ ಕಿಲೋಗ್ರಾಂ. ಹಣೆಯಿಂದ ಮೂಗಿನವರೆಗೆ ಬಿಳಿಯ ನಾಮ, ಭುಜಗಳ ಸುತ್ತ ಬಿಳಿಯ ಪಟ್ಟಿ, ಮಿಕ್ಕ ಭಾಗ ಕಪ್ಪು ಅಥವಾ ಬೂದು. ನೋಡಲು ಚೆಂದ, ಮಾಂಸದ ದೃಷ್ಟಿಯಿಂದ ಲಾಭ ಕಡಿಮೆ.

ಅಂಗೋರಾ: ನೀಳವಾದ ಉಣ್ಣೆಯುಳ್ಳದ್ದು. ಇದು ಹಿಮಾಚಲದಂಥ ಚಳಿ ಬೆಟ್ಟಗಳಿಗೆ ತಕ್ಕ ಪ್ರಾಣಿ; ನಮ್ಮ ಬಯಲಿನ ಬಿಸಿಲಿಗೆ ಯೋಗ್ಯವಲ್ಲ. ಉಣ್ಣೆಯ ಆದಾಯದ ಆಸೆ ತೋರಿಸಿ ಇದನ್ನು ಮಾರಲು ಬಂದವರಿಗೆ ಬೇಡವೆನ್ನುವುದೇ ಲೇಸು.

ಊರೂರು ತಿರುಗಿ ಮಾರುವವರಲ್ಲಿ ಸಿಕ್ಕುವ ಮೊಲಗಳು ಬೆರಕೆಯಾಗಿರುವುದೇ ಹೆಚ್ಚು. ಬೆರಕೆಯಾದ ಮಾತ್ರಕ್ಕೆ ಮೊಲವು ಕೆಟ್ಟದ್ದಲ್ಲ. ಆದರೆ ಬೆರಕೆಗೆ ಶುದ್ಧ ತಳಿಯ ಬೆಲೆ ಕೊಡುವುದು ನಷ್ಟ. ತೂಕವನ್ನು ಮಾತಿನಿಂದ ಒಪ್ಪಿಕೊಳ್ಳದೆ ತಕ್ಕಡಿಯಲ್ಲಿ ನೋಡತಕ್ಕದ್ದು.

೩. ಗಂಡು ಹೆಣ್ಣುಗಳ ಪರೀಕ್ಷೆ

ಮೊಲವನ್ನು ಎಂದಿಗೂ ಕಿವಿ ಹಿಡಿದು ಎತ್ತಕೂಡದು. ಭುಜಗಳ ಮೇಲಿನ ಸಡಿಲು ಚರ್ಮವನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಹಿಂಭಾಗದ ಕೆಳಗೆ ಆನಿಸಿ ಎತ್ತಬೇಕು. ಹಿಂಭಾಗಕ್ಕೆ ಆಸರೆಯಿಲ್ಲದಿದ್ದರೆ ಮೊಲವು ಬಲವಾಗಿ ಒದೆದು, ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದುಂಟು.

ಪರೀಕ್ಷೆ ಮಾಡುವವರು ಕುಳಿತು, ಮೊಲವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳಬೇಕು. ಬಾಲವನ್ನು ಹಿಂದಕ್ಕೆ ಬಾಗಿಸಿ, ಮೂತ್ರದ್ವಾರದ ಎರಡು ಪಕ್ಕಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನಿಟ್ಟು ಮೆಲ್ಲಗೆ ಒತ್ತಬೇಕು. ಆಗ ಒಳಗಿನ ಕೆಂಪು ಭಾಗವು ಹೊರಗೆ ಕಾಣುವುದು.

ಅದು ದುಂಡಗಿದ್ದು, ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿಕೊಂಡು, ತುದಿಯಲ್ಲಿ ರಂಧ್ರವಿದ್ದರೆ ಗಂಡು. ಅದು ಬಾಲದ ಕಡೆಗೆ ಇಳಿದ ಉದ್ದನೆಯ ಸೀಳಿನಂತೆ, ಹೂವಿನ ಎಸಳಿನ ಆಕಾರದಲ್ಲಿದ್ದರೆ ಹೆಣ್ಣು. ಗುದದ್ವಾರಕ್ಕೂ ಮೂತ್ರದ್ವಾರಕ್ಕೂ ನಡುವಣ ಅಂತರವು ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ. ಒಂದೇ ಈತಿನ ನಾಲ್ಕಾರು ಮರಿಗಳನ್ನು ಒಂದಾದಮೇಲೊಂದು ನೋಡಿದರೆ ಈ ವ್ಯತ್ಯಾಸವು ಬೇಗ ಕಣ್ಣಿಗೆ ಹತ್ತುವುದು. ಒಂದೇ ಮರಿಯನ್ನು ನೋಡಿ ಹೇಳುವುದು ಹೊಸಬರಿಗೆ ಕಷ್ಟ.

ಒಂದು ತಿಂಗಳ ಮರಿಯಲ್ಲಿ ಪಳಗಿದ ಕೈಯೂ ತಪ್ಪಬಹುದು. ಎರಡು ತಿಂಗಳಾದ ಮೇಲೆ ನಿರ್ಣಯವು ಸಾಕಷ್ಟು ಭದ್ರ. ಮೂರು ತಿಂಗಳ ವೇಳೆಗೆ ಗಂಡಿನ ಬೀಜಗಳು ಇಳಿದು, ಮೂತ್ರದ್ವಾರದ ಎರಡು ಪಕ್ಕಗಳಲ್ಲಿ ಕೂದಲು ಕಡಿಮೆಯಿರುವ ನೀಳವಾದ ಎರಡು ಚೀಲಗಳಂತೆ ಕಾಣುವುವು. ಆದರೆ ಹೆದರಿದಾಗ ಗಂಡುಮೊಲವು ಬೀಜಗಳನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳಬಲ್ಲದು. ಆದಕಾರಣ ಬೀಜ ಕಾಣದ ಮಾತ್ರಕ್ಕೆ ಹೆಣ್ಣೆಂದು ನಿರ್ಧರಿಸಕೂಡದು. ಒತ್ತಿ ನೋಡುವ ಪರೀಕ್ಷೆಯೇ ಪ್ರಮಾಣ.

ಈ ಕೆಳಗಿನ ಗುರುತುಗಳನ್ನು ಸಾಮಾನ್ಯವಾಗಿ ಹೇಳುವುದುಂಟು, ಅವು ನಂಬತಕ್ಕವಲ್ಲ.

(ಅ) ಗಂಗೆದೊಗಲು. ಬಲಿತ ಹೆಣ್ಣಿನ ಗಂಟಲ ಕೆಳಗೆ ಚರ್ಮದ ಮಡಿಕೆ ದೊಡ್ಡದಾಗಿರುವುದು ನಿಜ. ಆದರೆ ದೊಡ್ಡ ತಳಿಯ ಕೊಬ್ಬಿದ ಗಂಡುಗಳಿಗೂ ಅದು ಇರುವುದುಂಟು, ಎಳೆಯ ಹೆಣ್ಣುಗಳಿಗೆ ಇರುವುದೇ ಇಲ್ಲ.

(ಆ) ತಲೆಯ ಗಾತ್ರ. ಗಂಡಿನ ತಲೆ ಅಗಲ, ಹೆಣ್ಣಿನದು ನೀಳ. ಇದು ಬಲಿತ ಮೇಲಷ್ಟೇ ಕಾಣುವುದು. ಬೇರೆ ಬೇರೆ ತಳಿಗಳಿಗೆ ಹೊಂದುವುದಿಲ್ಲ.

(ಇ) ಹತ್ತುವುದು. ಒಂದು ಮೊಲವು ಇನ್ನೊಂದರ ಮೇಲೆ ಹತ್ತಿತೆಂದು ಅದನ್ನು ಗಂಡೆನ್ನಬಾರದು. ಹೆಣ್ಣು ಹೆಣ್ಣನ್ನೇ ಹತ್ತುವುದು ಈ ಪ್ರಾಣಿಯಲ್ಲಿ ಸಾಮಾನ್ಯ.

ಕಡೆಯ ಮಾತಿನಿಂದ ಹುಟ್ಟುವ ಮೋಸವೊಂದಿದೆ. ಹೆಣ್ಣುಮೊಲಕ್ಕೆ ಆಕಳಿನಂತೆ ನಿಯತಕಾಲದ ಬೆದೆಯಿಲ್ಲ. ಕೂಡಿದ ಮೇಲೆ ಸುಮಾರು ಹತ್ತು ಗಂಟೆಗಳಿಗೆ ಅಂಡವು ಬಿಡುಗಡೆಯಾಗುವುದು. ಎರಡು ಹೆಣ್ಣುಗಳು ಒಂದನ್ನೊಂದು ಹತ್ತಿದರೂ ಅಂಡ ಬಿಡುಗಡೆಯಾಗಿ, ಗಬ್ಬದ ಚಿಹ್ನೆಗಳೆಲ್ಲ ತೋರಬಹುದು. ಇದಕ್ಕೆ ಸುಳ್ಳು ಗಬ್ಬವೆಂದು ಹೆಸರು. ಅಂಥ ಹೆಣ್ಣು ಹದಿನಾರು ಹದಿನೇಳನೆಯ ದಿನಕ್ಕೆ ಎದೆಯ ಕೂದಲು ಕಿತ್ತು ಗೂಡು ಕಟ್ಟುವುದು. ಮರಿ ಮಾತ್ರ ಇರುವುದಿಲ್ಲ. ನಿಜವಾದ ಗಬ್ಬದ ಕಾಲವು ಸುಮಾರು ೩೧ ದಿನ. ಗೂಡು ಕಟ್ಟುತ್ತಿರುವ ಹೆಣ್ಣನ್ನು ತೋರಿಸಿ "ಇಂದೋ ನಾಳೆಯೋ ಮರಿ" ಎಂದು ಹೆಚ್ಚು ಬೆಲೆ ಕೇಳುವವರಿದ್ದರೆ, ಗಂಡನ್ನು ಯಾವ ದಿನ ಕೂಡಿಸಲಾಯಿತೆಂಬ ಬರಹವನ್ನು ಕೇಳತಕ್ಕದ್ದು. ಕೂಡಿಸಿದ ೧೨ ರಿಂದ ೧೪ ನೆಯ ದಿನಗಳಲ್ಲಿ, ತಿಳಿದವರು ಹೊಟ್ಟೆಯನ್ನು ಹಗುರವಾಗಿ ಸವರಿ, ಗೋಲಿಗಳಂತಿರುವ ಭ್ರೂಣಗಳನ್ನು ಪತ್ತೆಹಚ್ಚಬಲ್ಲರು.

೪. ವಯಸ್ಸಿನ ನಿರ್ಣಯ

ಹೋರಿಯು ಸುಮಾರು ಎರಡು ವರ್ಷಕ್ಕೆ ಎರಡು ಹಲ್ಲು ಹಾಕುವುದು. ಅನಂತರ ನಾಲ್ಕು, ಆರು ಆಗಿ, ನಾಲ್ಕೈದು ವರ್ಷಗಳಿಗೆ ಬಾಯಿಗೂಡುವುದು. ಈ ಲೆಕ್ಕವು ಮೊಲಕ್ಕೆ ಸಲ್ಲದು. ಮೊಲದ ಹಾಲುಹಲ್ಲುಗಳು ಮರಿಯಾಗಿದ್ದಾಗಲೇ ಬಿದ್ದುಹೋಗಿ, ಸ್ಥಿರವಾದ ಹಲ್ಲುಗಳು ಬರುವುವು. ಅವು ಜೀವಮಾನವೆಲ್ಲ ಬೆಳೆಯುತ್ತಲೇ ಇರುವುವು. ಬಾಚಿಹಲ್ಲು ವಾರಕ್ಕೆ ಸುಮಾರು ಎರಡು ಮಿಲಿಮೀಟರಿನಷ್ಟು ಬೆಳೆದು, ಮೇವನ್ನು ಕಡಿಯುವುದರಿಂದ ಸವೆಯುವುದು. ಬೆಳವಣಿಗೆಯೂ ಸವೆತವೂ ಸಮನಾಗಿರುವುದರಿಂದ ಒಂದು ವರ್ಷದ ಮೊಲಕ್ಕೂ ನಾಲ್ಕು ವರ್ಷದ ಮೊಲಕ್ಕೂ ಬಾಯಿಯಲ್ಲಿ ಭೇದ ತೋರದು. ಹಲ್ಲು ಉದ್ದವಾಗಿ ಹೊರಚಾಚಿದ್ದರೆ ಅದು ಮುಪ್ಪಿನ ಗುರುತಲ್ಲ. ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂಡದಿರುವ ದೋಷ. ಈ ದೋಷವು ಸಂತತಿಗೂ ಇಳಿಯುವುದುಂಟಾದ್ದರಿಂದ ಅಂಥದನ್ನು ತಳಿಗಾಗಿ ಕೊಳ್ಳಕೂಡದು.

ಮರಿಗಳ ವಯಸ್ಸನ್ನು ಮಾತ್ರ ಸಾಕಷ್ಟು ನಿಖರವಾಗಿ ಹೇಳಬಹುದು. ಹುಟ್ಟಿದಾಗ ಮೈ ಬರಿದು. ಒಂದು ವಾರಕ್ಕೆ ನವಿರಾದ ಕೂದಲು ಮೈ ಮುಚ್ಚುವುದು. ಹತ್ತರಿಂದ ಹನ್ನೆರಡು ದಿನಗಳಿಗೆ ಕಣ್ಣು ತೆರೆಯುವುದು. ಮೂರು ವಾರಗಳ ಸುಮಾರಿಗೆ ಗೂಡು ಬಿಟ್ಟು ಹೊರಬಂದು ತಾಯಿಯ ಮೇವಿಗೆ ಬಾಯಿ ಹಾಕುವುದು. ನಾಲ್ಕರಿಂದ ಆರು ವಾರಗಳೊಳಗೆ ಹಾಲು ಬಿಡಿಸಬಹುದು. ಮಾಂಸದ ತಳಿಗಳಲ್ಲಿ, ಚೆನ್ನಾಗಿ ಸಾಕಿದರೆ, ಮೂರು ತಿಂಗಳಿಗೆ ಸುಮಾರು ೨ ಕಿಲೋಗ್ರಾಂ ತೂಗುವುದು.

ಬೆಳೆದ ಮೊಲದಲ್ಲಿ ನೋಡತಕ್ಕದ್ದು ಉಗುರು. ಎಳೆಯ ಮೊಲದ ಉಗುರು ಸಣ್ಣದು, ಚೂಪು, ಪಾದದ ಕೂದಲಿನೊಳಗೆ ಅಡಗಿರುವುದು. ಆರು ತಿಂಗಳ ಆಚೀಚೆಗೆ ಅದು ಕೂದಲಿನ ಮಟ್ಟಕ್ಕೆ ಬರುವುದು. ವರ್ಷ ಕಳೆದ ಮೇಲೆ ಕೂದಲನ್ನು ಮೀರಿ ಹೊರಗೆ ಕಾಣುವುದು. ಮುದಿಮೊಲದ ಉಗುರು ದಪ್ಪನಾಗಿ, ಬಾಗಿ, ಒರಟಾಗಿರುವುದು. ಇದರೊಡನೆ ಕಿವಿಯನ್ನೂ ಮುಟ್ಟಿ ನೋಡಬೇಕು: ಎಳೆಯದರ ಕಿವಿ ತೆಳುವು, ಮೆತ್ತಗೆ; ಹಳೆಯದರದು ಒರಟು. ಆದರೆ ಮಾರುವವನು ಉಗುರನ್ನು ಕತ್ತರಿಸಿ ತಂದಿರಬಹುದು. ಒರಟು ನೆಲದಲ್ಲಿ ಸಾಕಿದ ಮೊಲದ ಉಗುರು ತಾನಾಗಿಯೇ ಸವೆದಿರಬಹುದು. ತುದಿ ಮೊಂಡಾಗಿ ನೇರವಾಗಿ ಕತ್ತರಿಸಿದಂತಿದ್ದರೆ ಸಂಶಯಪಡತಕ್ಕದ್ದು. ಆದ್ದರಿಂದ ಉಗುರಿನಿಂದ ಎಳೆಯದು, ಬಲಿತದ್ದು, ಮುದಿಯದು ಎಂಬ ಮೂರು ತರಗತಿಗಳನ್ನು ಮಾತ್ರ ಹೇಳಬಹುದೇ ಹೊರತು ವರ್ಷದ ಲೆಕ್ಕವನ್ನಲ್ಲ.

ವಯಸ್ಸು ಇಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ಮಧ್ಯಮ ತಳಿಯ ಹೆಣ್ಣು ಐದಾರು ತಿಂಗಳಿಗೆ ತಳಿಗೆ ಬರುವುದು. ಮೂರು ವರ್ಷ ಮೀರಿದ ಮೇಲೆ ಮರಿಗಳ ಸಂಖ್ಯೆ ಇಳಿಯುವುದು. ಆದರೂ ಅದು ಇನ್ನೂ ಹಲವು ವರ್ಷ ಮೇವು ತಿನ್ನುತ್ತ ಬದುಕಿರುವುದು. ಮುದಿ ಹೆಣ್ಣನ್ನು ಕೊಂಡವನು ಮೇವಿನ ಖರ್ಚನ್ನು ಮಾತ್ರ ಕೊಂಡಂತಾಗುವುದು.

೫. ಬೇಸಗೆಯ ವಿಷಯ

ಹೊಸಪೇಟೆ, ಕಂಪ್ಲಿಗಳ ಬಯಲಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದುಂಟು. ಮೊಲಕ್ಕೆ ಹಿತವಾದದ್ದು ೧೫ ರಿಂದ ೨೫ ಡಿಗ್ರಿ. ಅದಕ್ಕೆ ನಮ್ಮಂತೆ ಬೆವರುವ ಶಕ್ತಿಯಿಲ್ಲ. ಕಿವಿಗಳ ಮೂಲಕವೂ ಉಸಿರಿನ ಮೂಲಕವೂ ಮೈಯ ಕಾವನ್ನು ಹೊರಹಾಕುವುದು. ೩೦ ಡಿಗ್ರಿ ದಾಟಿದ ಕಾವು ಕೆಲವು ದಿನ ನಿಂತರೆ ಗಂಡಿನ ಬೀಜಶಕ್ತಿ ಕುಂದಿ, ಮಳೆ ಬಿದ್ದು ತಂಪಾದ ಮೇಲೂ ಕೆಲವು ವಾರ ಅದು ಬಂಜೆಯಾಗಿಯೇ ಉಳಿಯಬಹುದು. ಇದನ್ನು ತಿಳಿಯದವರು ಗಂಡನ್ನು ಹೆಣ್ಣೆಂದೋ, ಹೆಣ್ಣನ್ನು ಗೊಡ್ಡೆಂದೋ ತಪ್ಪಾಗಿ ಭಾವಿಸಿ ಒಳ್ಳೆಯ ಮೊಲಗಳನ್ನು ಹೊರಹಾಕಬಹುದು. ಬೇಸಗೆಯಲ್ಲಿ ಮರಿಯಾಗದಿದ್ದರೆ ಮೊದಲು ಲಿಂಗವನ್ನು ಮರುಪರೀಕ್ಷಿಸಿ, ನೆರಳು, ಗಾಳಿ, ತಣ್ಣೀರಿನ ಏರ್ಪಾಡು ಮಾಡಿ, ತಂಪುಕಾಲದಲ್ಲಿ ಎರಡು ತಿಂಗಳು ಕಾದು ನೋಡತಕ್ಕದ್ದು.

೬. ಕೊಳ್ಳುವವರು ಅನುಸರಿಸತಕ್ಕ ನಿಯಮಗಳು

(೧) ಮೂರು ತಿಂಗಳಿಗೆ ಕಡಿಮೆಯಾದ ಮರಿಗಳನ್ನು ತಳಿಗಾಗಿ ಜೊತೆಯೆಂದು ಕೊಳ್ಳಕೂಡದು.

(೨) ಪ್ರತಿಯೊಂದು ಮೊಲವನ್ನೂ ಮಾರುವವನ ಎದುರಿಗೇ ಅಂಗಾತ ಮಲಗಿಸಿ ಪರೀಕ್ಷಿಸಬೇಕು.

(೩) ಗಂಡನ್ನೂ ಹೆಣ್ಣನ್ನೂ ಒಂದೇ ಈತಿನಿಂದ ಆರಿಸಕೂಡದು. ಒಡಹುಟ್ಟಿದವುಗಳ ಸಂತತಿಯು ಪೀಳಿಗೆಯಿಂದ ಪೀಳಿಗೆಗೆ ಬಲಗುಂದುವುದು.

(೪) ಕಿವಿಯೊಳಗೆ ಹಕ್ಕಳೆ, ಮೂಗಿನಲ್ಲಿ ಸಿಂಬಳ, ಮುಂಗಾಲಿನ ಒಳಮೈಯಲ್ಲಿ ಅಂಟಾದ ಕೂದಲು, ಹಿಂಗಾಲಿನ ಅಡಿಯಲ್ಲಿ ಹುಣ್ಣು, ಇವುಗಳಲ್ಲಿ ಒಂದಿದ್ದರೂ ಬಿಡಬೇಕು.

(೫) ಕೊಂಡ ಮೇಲೆ ಪ್ರತಿಯೊಂದರ ಕಿವಿಗೆ ಹಚ್ಚೆಯ ಸಂಖ್ಯೆಯನ್ನು ಹಾಕಿಸಿ, ಹುಟ್ಟಿದ ದಿನ, ತಾಯಿ, ತಂದೆ, ಲಿಂಗ, ತೂಕಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೊಲದ ವಯಸ್ಸಿಗೆ ಇದಕ್ಕಿಂತ ಮಿಗಿಲಾದ ಸಾಕ್ಷಿಯಿಲ್ಲ.

(೬) ಮರಿಗಳನ್ನೆಲ್ಲ ತಾನೇ ಮರಳಿ ಕೊಳ್ಳುವೆನೆಂದು ಹೇಳಿ ಮುಂಗಡ ಹಣ ಕೇಳುವವರ ಮಾತಿಗೆ ಒಪ್ಪುವ ಮೊದಲು, ಮಾಂಸ ಕೊಳ್ಳುವವರು ಹತ್ತಿರದಲ್ಲಿ ನಿಜವಾಗಿ ಇರುವರೇ ಎಂಬುದನ್ನು ಸ್ವತಃ ವಿಚಾರಿಸಬೇಕು. ಪಶುವೈದ್ಯಾಧಿಕಾರಿಗಳ ಸಲಹೆಯನ್ನೂ ಪಡೆಯಬೇಕು.

(೭) ಬೇಡವಾದ ಸಾಕುಮೊಲಗಳನ್ನು ಗುಡ್ಡಕ್ಕೆ ಬಿಡಕೂಡದು. ೧೮೫೯ ರಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ಬೇಟೆಯ ವಿನೋದಕ್ಕಾಗಿ ಬಿಟ್ಟ ಕೆಲವೇ ಮೊಲಗಳ ಸಂತಾನವು ಆ ಖಂಡದ ಬಹುಭಾಗವನ್ನು ವ್ಯಾಪಿಸಿ, ಹುಲ್ಲುಗಾವಲುಗಳನ್ನೂ ಬೆಳೆಗಳನ್ನೂ ಹಾಳುಮಾಡಿತು.

೭. ಗ್ರಾಮದ ಮುಖಂಡರಿಗೆ ಸೂಚನೆ

ಊರಿನಲ್ಲಿ ಮೊಲ ಮಾರಲು ಬಂದವರಿದ್ದರೆ ಮುಖಂಡರು ಮೊದಲು ಕತ್ತಿನ ಮೇಲಿನ ಕರಿಯ ಮಚ್ಚೆಯನ್ನು ನೋಡತಕ್ಕದ್ದು. ಆ ಗುರುತು ಮತ್ತು ಮೇಲೆ ಹೇಳಿದ ಇತರ ಲಕ್ಷಣಗಳು ಕೂಡಿಬಂದರೆ ಅದು ಕಾಡುಮೊಲ. ಅದನ್ನು ಕೊಳ್ಳದಂತೆ ಊರವರಿಗೆ ತಿಳಿಸಿ, ಅರಣ್ಯ ಇಲಾಖೆಗೆ ಸುದ್ದಿ ಕೊಡಬೇಕು. ಸಾಕುಮೊಲವಾದರೆ, ಊರಿನಲ್ಲಿ ಪರೀಕ್ಷೆಯನ್ನು ಕಲಿತ ಒಬ್ಬರಿಬ್ಬರನ್ನು ಕರೆಸಿ, ಬಡವರಾದ ಕೊಳ್ಳುವವರ ಪರವಾಗಿ ಲಿಂಗ ವಯಸ್ಸುಗಳನ್ನು ನೋಡಿಸಿಕೊಡುವುದು ಉಚಿತ. ಸಾಲ ತಂದು ನಾಲ್ಕು ಮೊಲ ಕೊಂಡ ವಿಧವೆಗೋ ಕೂಲಿಯವನಿಗೋ ನಾಲ್ಕೂ ಗಂಡಾಗಿ ಬಂದರೆ, ಆ ವರ್ಷದ ಬಡ್ಡಿ ಕಟ್ಟಲು ಮನೆಯ ಮತ್ತೊಂದು ವಸ್ತುವೇ ಹೋಗಬೇಕಾಗುವುದು. ಅರ್ಧ ಗಳಿಗೆಯ ಪರೀಕ್ಷೆಯಿಂದ ಇದನ್ನು ತಪ್ಪಿಸಬಹುದು. ಪರೀಕ್ಷೆಗೆ ಬೇಕಾದದ್ದು ಒಂದು ತಕ್ಕಡಿ, ಒಳ್ಳೆಯ ಬೆಳಕು, ಅವಸರವಿಲ್ಲದ ಕೈ ಇಷ್ಟೇ.